ಓದುಗರ ಪ್ರಶ್ನೆ: ಸಾಫ್ಟ್‌ವೇರಿನ ಎರಡು ರಿಲೀಸ್ ನಡುವೆ ಎಷ್ಟು ತಿಂಗಳು ಬಿಡಬೇಕು?

"ಸಾರ್, ವರ್ಷಕ್ಕೊಂದೇ ರಿಲೀಸ್ ಮಾಡಿದರೆ ಬಗ್ ಕಡಿಮೆ ಆಗುತ್ತೆ ಅಲ್ವಾ?" ತುಮಕೂರಿನಲ್ಲಿ ಓಪನ್ ಸೋರ್ಸ್ (ಕೋಡನ್ನು ಎಲ್ಲರಿಗೂ ತೆರೆದಿಟ್ಟ) ಪ್ರಾಜೆಕ್ಟ್ ಶುರು ಮಾಡಿದ ಪ್ರತಿ ತಂಡವೂ ಇದನ್ನೇ ಕೇಳುತ್ತದೆ. ಎಷ್ಟು ಸಲ ಹೇಳಿದರೂ ಮತ್ತೆ ಕೇಳುತ್ತಾರೆ. ಈ ಸಲ ಬರೆದೇ ಇಡುತ್ತೇನೆ.

ನಾಲ್ಕೈದು ಜನ ಕಾಲೇಜು ಮುಗಿಸಿ ಸಂಜೆ ಕೂತು ಮಾಡುವ ಕೆಲಸಕ್ಕೆ ಮೂರು ತಿಂಗಳು ಸರಿ. ಅಪ್‌ಡೇಟ್ ಹಾಕಿಕೊಳ್ಳುವುದು ಬಳಸುವವರಿಗೆ ಕಷ್ಟವಾದರೆ ಅವಧಿ ಉದ್ದ ಮಾಡಿ. ಬ್ರೌಸರ್ ತಾನೇ ಅಪ್‌ಡೇಟ್ ಆಗುತ್ತದೆ, ಹಾಗಾಗಿ ಫೈರ್‌ಫಾಕ್ಸ್ 2020ರಲ್ಲಿ ನಾಲ್ಕು ವಾರಕ್ಕೆ ಇಳಿಯಿತು. ಡೇಟಾಬೇಸ್‌ನ ಆವೃತ್ತಿ ಬದಲಿಸುವುದು ದೊಡ್ಡ ಕೆಲಸ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ದೊಡ್ಡ ಆವೃತ್ತಿ ವರ್ಷಕ್ಕೊಂದೇ.

ಇನ್ನು 'ಜಾಸ್ತಿ ದಿನ ಬಿಟ್ಟರೆ ಜಾಸ್ತಿ ಗಟ್ಟಿ' ಅನ್ನುವ ನಂಬಿಕೆ. ಇದು ತಪ್ಪು. ದಿನ ಜಾಸ್ತಿಯಾದರೆ ಪರೀಕ್ಷೆ ಜಾಸ್ತಿಯಾಗುವುದಿಲ್ಲ, ಹೊಸ ಕೋಡಿನ ರಾಶಿ ಜಾಸ್ತಿಯಾಗುತ್ತದೆ. ಮಂಡಿಪೇಟೆಯ ಅಂಗಡಿಯಲ್ಲಿ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ ಅಂದುಕೊಳ್ಳಿ. ಹೊಸ ಆವೃತ್ತಿ ಹಾಕಿದ ದಿನವೇ ಜಿಎಸ್‌ಟಿ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು ಕಮ್ಮಿ ಬರುತ್ತಿದೆ. ಮೂರು ತಿಂಗಳ ಕೋಡಾದರೆ ಯಾರು ಎಲ್ಲಿ ಕೈ ಹಾಕಿದ್ದರು ಅನ್ನುವುದು ಇನ್ನೂ ನೆನಪಿರುತ್ತದೆ. ವರ್ಷದ ಕೋಡಾದರೆ ಬರೆದ ಹುಡುಗಿ ಪಾಸಾಗಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿರುತ್ತಾಳೆ.

ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು) ಇದನ್ನು ಅನುಭವಿಸಿಯೇ ಕಲಿತಿದ್ದು. ಅದರ 2.4 ಆವೃತ್ತಿ ಬಂದಿದ್ದು 2001ರ ಜನವರಿಯಲ್ಲಿ, 2.6 ಬಂದಿದ್ದು 2003ರ ಡಿಸೆಂಬರ್‌ನಲ್ಲಿ. ಅಷ್ಟು ದಿನ ಕಾಯಲಾಗದೆ ಡಿಸ್ಟ್ರೋಗಳು (ಲಿನಕ್ಸನ್ನು ಸಿದ್ಧಮಾಡಿ ಹಂಚುವ ತಂಡಗಳು) ಹೊಸ ಕೋಡನ್ನು ಹಳೆಯ ಕರ್ನಲ್‌ಗೆ ತಾವೇ ತಂದು ಸೇರಿಸಿಕೊಂಡವು. ಒಬ್ಬೊಬ್ಬರ 2.4 ಒಂದೊಂದು ಥರ ಆಯಿತು. ಈಗ ಒಂಬತ್ತು ಹತ್ತು ವಾರಕ್ಕೊಂದು ರಿಲೀಸ್. ಹೊಸದಕ್ಕೆ ಬಾಗಿಲು ತೆರೆಯುವುದು ಮೊದಲ ಎರಡು ವಾರ ಮಾತ್ರ. ಉಳಿದಷ್ಟೂ ವಾರ ಬರೀ ರಿಪೇರಿ. ಗಟ್ಟಿತನ ಬರುವುದು ಈ ರಿಪೇರಿ ವಾರಗಳಿಂದ.

ಆತುರವೂ ಕಡಿಮೆಯಾಗುತ್ತದೆ. ಬೆಂಗಳೂರಿಗೆ ಇನ್ನೊಂದು ರೈಲು ಇದೆ ಅಂತ ಗೊತ್ತಿದ್ದರೆ ಯಾರೂ ಓಡಿ ಬಂದು ಹತ್ತುವುದಿಲ್ಲ. ಅದೇ ಕೊನೆ ರೈಲಾದರೆ ಎಲ್ಲರೂ ನುಗ್ಗುತ್ತಾರೆ. ವರ್ಷಕ್ಕೊಂದೇ ರಿಲೀಸ್ ಇದ್ದರೆ ಅರೆಬೆಂದ ಕೋಡ್ ನುಗ್ಗುವುದೂ ಹೀಗೇ. ತಯಾರಾಗದ್ದನ್ನು ಮುಂದಿನದಕ್ಕೆ ಬಿಡಿ, ತಾರೀಖು ಮುಂದೂಡಬೇಡಿ.

ಯಾರೂ ಕೇಳದ ಒಂದು ವಿಷಯವಿದೆ, ನನಗೆ ಅದೇ ಮುಖ್ಯ. ಕನ್ನಡ ಅನುವಾದಕ್ಕೆ ಸಮಯ ಎಲ್ಲಿ? ರಿಲೀಸ್ ಹಿಂದಿನ ರಾತ್ರಿ ಮೆನುವಿನ ಪದ ಬದಲಿಸಿದರೆ 'ಉಳಿಸು' ಗುಂಡಿಯ ಪಕ್ಕ ಇಂಗ್ಲಿಷ್ ಗುಂಡಿ ಕೂರುತ್ತದೆ. ಲಿನಕ್ಸ್‌ನ ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲಿ ಇದಕ್ಕೇ ಸ್ಟ್ರಿಂಗ್ ಫ್ರೀಜ್ ಇದೆ, ಅಂದರೆ ಪರದೆಯ ಪದಗಳನ್ನು ಬದಲಿಸಲು ಒಂದು ಕೊನೆಯ ದಿನ. ಆಮೇಲೆ ಪದ ಮುಟ್ಟಬೇಕಾದರೆ ಅನುವಾದ ತಂಡದ ಒಪ್ಪಿಗೆ ಬೇಕು. ನೀವೂ ಕೊನೆಯ ಎರಡು ವಾರ ಪದಗಳನ್ನು ಮುಟ್ಟಬೇಡಿ. ಆ ಎರಡು ವಾರ ಸೆಮಿಸ್ಟರ್ ಪರೀಕ್ಷೆಗೆ ತಾಗದ ಹಾಗೆ ತಾರೀಖು ಇಡಿ. ತಾಗಿದರೆ ಅನುವಾದಕ್ಕೆ ಒಬ್ಬರೂ ಸಿಗುವುದಿಲ್ಲ.