ಎಂಜಿನ್ ದೀಪ ಹತ್ತಿದೆ, ಲಾರಿ ಎಳೆಯುತ್ತಿಲ್ಲ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನಮ್ಮ ಡೀಸೆಲ್ ಲಾರಿಗೆ ಹದಿನೈದು ವರ್ಷ ದಾಟಿದೆ. ಖಾಲಿ ಇದ್ದಾಗ ಚೆನ್ನಾಗಿಯೇ ಓಡುತ್ತದೆ. ಲೋಡ್ ಹಾಕಿ ಏರು ಹತ್ತಿಸಿದರೆ ಮಾತ್ರ ಹಳದಿ ಎಂಜಿನ್ ದೀಪ ಹತ್ತಿ, ಎಳೆತ ಒಮ್ಮೆಲೇ ಕುಸಿಯುತ್ತದೆ. ಕೀ ತಿರುಗಿಸಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿರುತ್ತದೆ. ಸೆನ್ಸರ್ ಬದಲಾಯಿಸಿದರೂ ಪ್ರಯೋಜನವಾಗಲಿಲ್ಲ. ಇನ್ನು ಟರ್ಬೊ ಬದಲಾಯಿಸಬೇಕೇ?

ಉತ್ತರ: ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ, ಸದ್ಯಕ್ಕೆ ಬದಲಾಯಿಸುವುದು ಬೇಡ. ನಿಮ್ಮ ಪ್ರಶ್ನೆಯಲ್ಲಿ ಅತ್ಯಂತ ಬೆಲೆಬಾಳುವ ಸುಳಿವು ದೀಪದ್ದಲ್ಲ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಶಕ್ತಿ ಮರಳುತ್ತದೆ ಎಂಬುದು. ಎಂಜಿನ್ನಿನ ಒಳಭಾಗವೇ ಸವೆದಿದ್ದರೆ ಕೀ ತಿರುಗಿಸಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ. ಇಲ್ಲಿ ಎಂಜಿನ್ ಶಕ್ತಿಯನ್ನು ಕಳೆದುಕೊಂಡಿಲ್ಲ; ಅದನ್ನು ನಿಯಂತ್ರಿಸುವ ಕಂಪ್ಯೂಟರ್, ತಾನು ಕೇಳಿದ ಅಳತೆಗೂ ತನಗೆ ಸಿಕ್ಕಿದ ಅಳತೆಗೂ ತಾಳೆಯಾಗದೆ ಇದ್ದಾಗ, ಎಂಜಿನ್ ಕೆಡದಿರಲೆಂದು ಡೀಸೆಲ್ಲನ್ನು ಬಿಗಿಹಿಡಿದಿದೆ. ಇದನ್ನೇ ಲಿಂಪ್ ಮೋಡ್ ಎನ್ನುತ್ತಾರೆ. ಮತ್ತೆ ಸ್ಟಾರ್ಟ್ ಮಾಡಿದಾಗ ಆ ಬಿಗಿತ ಸಡಿಲವಾಗುತ್ತದೆ, ಮುಂದಿನ ಏರಿನಲ್ಲಿ ಅದೇ ವ್ಯತ್ಯಾಸ ಕಂಡೊಡನೆ ಮರಳುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಲೋಡ್ ಬಿದ್ದಾಗ ಮಾತ್ರ ತಲೆಯೆತ್ತುವ ದೋಷವನ್ನು.

ಒಂದು ಎಚ್ಚರಿಕೆ: ಈ ಮಾತೆಲ್ಲ ಹಳದಿ ದೀಪಕ್ಕೆ ಮಾತ್ರ. ಆಯಿಲ್ ಪ್ರೆಷರ್ ಅಥವಾ ಎಂಜಿನ್ ಬಿಸಿಯ ಕೆಂಪು ದೀಪ ಹತ್ತಿದರೆ, ಸುರಕ್ಷಿತವಾದ ಮೊದಲ ಜಾಗದಲ್ಲಿ ಗಾಡಿ ನಿಲ್ಲಿಸಬೇಕು.

ಸ್ಕ್ಯಾನರ್ ಹಾಕಿ, ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್ ಓದಿಸುವುದು ಸರಿಯಾದ ಆರಂಭ. ಆದರೆ ಕೋಡ್ ದೂರನ್ನು ಹೇಳುತ್ತದೆಯೇ ಹೊರತು ತಪ್ಪಿತಸ್ಥನನ್ನು ಹೆಸರಿಸುವುದಿಲ್ಲ. ಉದಾಹರಣೆಗೆ ಪಿ0299 ಎಂದು ಬಂದರೆ ಕೇಳಿದಷ್ಟು ಬೂಸ್ಟ್ (ಟರ್ಬೊ ಒತ್ತಿ ಕಳಿಸುವ ಗಾಳಿಯ ಒತ್ತಡ) ಬರಲಿಲ್ಲ ಎಂದಷ್ಟೇ ಅರ್ಥ, ಟರ್ಬೊ ಕೆಟ್ಟಿದೆ ಎಂದಲ್ಲ. ಪಿ0087 ಎಂದರೆ ‘ರೈಲ್’ನಲ್ಲಿ, ಅಂದರೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳಿಗೆ ಅದನ್ನು ಹಂಚುವ ಪೈಪಿನಲ್ಲಿ, ಒತ್ತಡ ಕಡಿಮೆಯಾಯಿತು ಎಂದು. ಅದಕ್ಕೆ ಪಂಪಿನಷ್ಟೇ ಸುಲಭವಾಗಿ ಕಟ್ಟಿಕೊಂಡ ಫಿಲ್ಟರೂ ಕಾರಣವಾಗಬಹುದು. ಕೋಡನ್ನು ಅಳಿಸುವ ಮುನ್ನ ಬರೆದಿಟ್ಟುಕೊಳ್ಳಿ, ಜೊತೆಗೆ ದೋಷ ದಾಖಲಾದ ಕ್ಷಣದ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ), ಲೋಡ್, ಬೂಸ್ಟ್ ಅಂಕಿಗಳಿದ್ದರೆ ಅವನ್ನೂ. ಅಳಿಸಿದ ಮೇಲೆ ಆ ಸಾಕ್ಷ್ಯ ಹೋಗಿಬಿಡುತ್ತದೆ.

ಬೂಸ್ಟ್ ಸೆನ್ಸರ್ ಸರಿಯಿದೆಯೇ ಎಂದು ತಿಳಿಯಲು ಅದನ್ನು ಬದಲಾಯಿಸುವ ಅಗತ್ಯವೇ ಇಲ್ಲ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಸ್ಕ್ಯಾನರಿನಲ್ಲಿ ಅದರ ಅಳತೆ ನೋಡಿ. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು: ಸಮುದ್ರಮಟ್ಟದಲ್ಲಿ ಸುಮಾರು 100 ಕಿಲೊಪಾಸ್ಕಲ್, 1000 ಮೀಟರ್ ಎತ್ತರದಲ್ಲಿ ಸುಮಾರು 90. ಅಳತೆ ಸರಿಯಾಗಿದ್ದರೆ ಸೆನ್ಸರನ್ನು ಅಷ್ಟು ಸುಲಭವಾಗಿ ದೂರುವಂತಿಲ್ಲ; ಅದು ನಿಜವನ್ನೇ ಹೇಳುತ್ತಿದ್ದು, ಗಾಳಿ ಬೇರೆಲ್ಲೋ ಸೋರುತ್ತಿರಬಹುದು.

ನಾನಾದರೆ ಮೊದಲು ಕೈ ಹಾಕುವುದು ಟರ್ಬೊದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ದಪ್ಪ ರಬ್ಬರ್ ಹೋಸುಗಳಿಗೆ. ಹಳೆಯ ಹೋಸು ಮೇಲಿನಿಂದ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ. ಸೀಳು ಇರುವುದು ಹೆಚ್ಚಾಗಿ ಕೆಳಮೈಯಲ್ಲಿ, ಕ್ಲಾಂಪಿನ ಅಂಚಿನಲ್ಲಿ ಅಥವಾ ಬಾಗಿದ ಕಡೆಯಲ್ಲಿ. ಐಡ್ಲಿಂಗಿನಲ್ಲಿ ಅದರ ತುಟಿಗಳು ಮುಚ್ಚಿಕೊಂಡಿರುತ್ತವೆ, ಬೂಸ್ಟ್ ಏರಿದಾಗ ಮಾತ್ರ ಬಾಯಿ ಬಿಡುತ್ತವೆ. ಎಂಜಿನ್ ತಣ್ಣಗಾದ ಮೇಲೆ ಹೋಸಿನ ಸುತ್ತಲೂ ಬೆರಳಾಡಿಸಿ: ಒಂದೆಡೆ ಮಾತ್ರ ಆಯಿಲ್ ಪಸೆ, ಅದಕ್ಕೆ ಅಂಟಿದ ಕಪ್ಪು ಧೂಳು ಕೈಗೆ ಹತ್ತಿದರೆ ಅಲ್ಲಿ ಹೋಸನ್ನು ಬಾಗಿಸಿ ನೋಡಿ. ಏರಿನಲ್ಲಿ ಹೊಸದಾಗಿ ಶಿಳ್ಳೆಯಂಥ ಸದ್ದು ಬರುತ್ತಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಏರ್ ಫಿಲ್ಟರನ್ನು ಇದೇ ಹೊತ್ತಿಗೆ ನೋಡಿಬಿಡಿ, ಅದಕ್ಕೆ ಐದು ನಿಮಿಷ ಸಾಕು.

ಹೊಗೆಯೂ ದಾರಿ ತೋರಿಸುತ್ತದೆ. ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಹೆಚ್ಚಿದ್ದರೆ ಸಾಮಾನ್ಯವಾಗಿ ಗಾಳಿ ಸಾಲುತ್ತಿಲ್ಲ. ಎಳೆತ ಕಡಿಮೆಯಾಗಿಯೂ ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಾಲುತ್ತಿಲ್ಲ, ಅಥವಾ ಕಂಪ್ಯೂಟರ್ ಅದನ್ನು ತಡೆಹಿಡಿದಿದೆ. ಡೀಸೆಲ್ ಕಡೆ ಅನುಮಾನವಿದ್ದರೆ ಮುಖ್ಯ ಫಿಲ್ಟರಿನಲ್ಲೇ ನಿಲ್ಲಬೇಡಿ. ಟ್ಯಾಂಕಿನೊಳಗಿನ ಜಾಲರಿ, ನೀರು ಬೇರ್ಪಡಿಸುವ ಮೊದಲ ಫಿಲ್ಟರ್, ಗಾಳಿ ಎಳೆದುಕೊಳ್ಳುವಷ್ಟು ಬಿರಿದ ಹಳೆಯ ಪೈಪು ಇವೆಲ್ಲ ಖಾಲಿ ಗಾಡಿಗೆ ಬೇಕಾದಷ್ಟು ಡೀಸೆಲ್ ಬಿಟ್ಟು, ಲೋಡಿನ ಹಸಿವಿಗೆ ಸಾಲದಂತೆ ಮಾಡುತ್ತವೆ. ಹಳೆಯ ಮೆಕ್ಯಾನಿಕಲ್ ಪಂಪಿನ ಕಾಲದಲ್ಲಿ ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಪರೀಕ್ಷಿಸುತ್ತಿದ್ದರು. ಮೇಲೆ ಹೇಳಿದ ರೈಲ್ ಇರುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಆ ಅಭ್ಯಾಸ ಪ್ರಾಣಾಪಾಯ: ಒತ್ತಡ 1000 ಬಾರ್ ಮೀರುತ್ತದೆ, ಸೂಜಿಯಷ್ಟು ಸಣ್ಣ ಧಾರೆಯೂ ಚರ್ಮ ಸೀಳಿ ಒಳಹೊಗುತ್ತದೆ.

ಗಾಳಿ, ಡೀಸೆಲ್ ಎರಡೂ ಸರಿಯಿದ್ದರೆ ವೈರಿಂಗ್ ನೋಡಬೇಕು. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಕೋಡುಗಳು ಒಟ್ಟಿಗೆ ಬಂದಿದ್ದರೆ ಅಷ್ಟೂ ಸೆನ್ಸರ್‌ಗಳು ಒಂದೇ ದಿನ ಕೆಟ್ಟವು ಎಂದು ನಂಬುವುದಕ್ಕಿಂತ, ತುಕ್ಕು ಹಿಡಿದ ಅರ್ಥಿಂಗನ್ನೋ, ಹಲವು ಸೆನ್ಸರ್‌ಗಳಿಗೆ ಹಂಚಿಹೋಗುವ 5 ವೋಲ್ಟಿನ ತಂತಿ ಎಲ್ಲಾದರೂ ಉಜ್ಜಿ ಲಾರಿಯ ಲೋಹದ ಮೈಗೆ ತಾಗುತ್ತಿರುವುದನ್ನೋ ಶಂಕಿಸುವುದು ಜಾಣತನ.

ದೀಪ ಹತ್ತದೆಯೂ ಎಳೆತ ಇಲ್ಲದಿದ್ದರೆ ಕಥೆಯೇ ಬೇರೆ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಹತ್ತಿರ ಮಾತ್ರ ಕಾವು ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು.

ದೋಷ ಸಿಕ್ಕು ಸರಿಪಡಿಸಿದ ಮೇಲೆ ಕೋಡ್ ಅಳಿಸಿ, ಅದೇ ಲೋಡಿನೊಂದಿಗೆ ಅದೇ ಏರು ಹತ್ತಿಸಿ. ಪಕ್ಕದಲ್ಲಿ ಕುಳಿತವರು ಸ್ಕ್ಯಾನರಿನಲ್ಲಿ ಕಂಪ್ಯೂಟರ್ ಕೇಳಿದ ಬೂಸ್ಟನ್ನೂ ಸಿಕ್ಕಿದ ಬೂಸ್ಟನ್ನೂ ನೋಡುತ್ತಿರಲಿ. ಏರಿನ ತುದಿಯವರೆಗೂ ಎರಡು ಅಂಕಿಗಳು ಜೊತೆಯಾಗಿ ಸಾಗಿದರೆ ಟರ್ಬೊವನ್ನು ಇದ್ದಲ್ಲೇ ಬಿಡಬಹುದು. ಹೋಸುಗಳೆಲ್ಲ ಗಟ್ಟಿಯಾಗಿದ್ದೂ ಸಿಕ್ಕಿದ ಅಂಕಿ ಹಿಂದೆ ಬಿದ್ದರೆ, ಟರ್ಬೊವನ್ನು ಬಿಚ್ಚಿ ನೋಡುವ ಮಾತು ಆಗ ಬರುತ್ತದೆ.