ಸುಮ್ಮನಿರದ ಬೆರಳಿಗೆ ಒಂದು ಉಲ್ಲನ್ ಚೀಲ

‘ಅರವತ್ತಕ್ಕೆ ಅರಳು ಮರಳು’ ಅನ್ನೋ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ 1906ರಲ್ಲಿ ನೆನಪು ಕಳೆದುಕೊಂಡಿದ್ದ ಒಬ್ಬ ಮಹಿಳೆಯ ಮಿದುಳಿನಲ್ಲಿ ಕಂಡ ಹಾನಿಯನ್ನು ವಿವರಿಸಿದರು. ಆಕೆ ಆಸ್ಪತ್ರೆ ಸೇರಿದಾಗ 51 ವರ್ಷ, ತೀರಿಕೊಂಡಾಗ 55. ಅರವತ್ತು ತುಂಬಲೇ ಇಲ್ಲ. ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವುದು, ವಯಸ್ಸಿನ ಗುಣ ಅಲ್ಲ, ಮಿದುಳಿನ ಕಾಯಿಲೆಗಳಿಂದ ಬರುವ ಸ್ಥಿತಿ.

ಇನ್ನೊಂದು ತಪ್ಪು ತಿಳಿವಳಿಕೆ ಡಿಮೆನ್ಷಿಯಾ ಇರುವವರ ಬೆರಳುಗಳ ಬಗ್ಗೆ. ಹೊದಿಕೆಯ ಅಂಚನ್ನು ಸುರುಳಿ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಅಂಗಿಯ ಗುಂಡಿ ಕಿತ್ತು ಬರುವವರೆಗೂ ತಿರುಗಿಸುವುದು. ಮನೆಯವರು ಇದನ್ನು ಚೇಷ್ಟೆ ಅಂದುಕೊಂಡು ಕೈ ಹಿಡಿದು ಕೂರಿಸುತ್ತಾರೆ. ಪಾಪ, ಆ ಕೈಗೆ ಏನೋ ಕೆಲಸ ಬೇಕಾಗಿರುತ್ತದೆ ಅಷ್ಟೇ.

ಅದಕ್ಕೇ ಕ್ರೋಶಾದಲ್ಲಿ, ಅಂದರೆ ಕೊಕ್ಕೆ ಕಡ್ಡಿಯಿಂದ, ಹೆಣೆಯುವ ಫಿಜೆಟ್ ಮಫ್. ಎರಡೂ ಕಡೆಯಿಂದ ಕೈ ತೂರಿಸಬಹುದಾದ ಬೆಚ್ಚನೆ ಚೀಲ. ಒಳಗೂ ಹೊರಗೂ ಗುಂಡಿ, ರಿಬ್ಬನ್, ಉಬ್ಬು ತಗ್ಗು. ನಮ್ಮ ಅತ್ತೆಗೆ ನಾನು ಹೆಣೆದ ಮೊದಲನೆಯದು ಪೂರ್ತಿ ನುಣುಪಾಗಿತ್ತು. ಅವರು ಒಂದು ಸಲ ಸವರಿ ಪಕ್ಕಕ್ಕಿಟ್ಟರು. ಮೆತ್ತಗಿದ್ದರೆ ಸಾಕು ಅನ್ನೋದು ತಪ್ಪು ಅಂತ ಆಗ ಗೊತ್ತಾಯಿತು.

ಯಾಕೆ ಅಂದರೆ, ಒಂದು ಕೈಯ ಅಂಗೈ ಮತ್ತು ಬೆರಳುಗಳ ಒಳಬದಿಯಲ್ಲಿ ಸ್ಪರ್ಶ ತಿಳಿಸುವ ಸುಮಾರು 17,000 ನರತಂತುಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬದಲಾವಣೆಗೆ ಮಾತ್ರ ಓಗೊಡುತ್ತವೆ. ಬೆಳಿಗ್ಗೆ ಹಾಕಿದ ಉಂಗುರ ಸ್ವಲ್ಪ ಹೊತ್ತಿಗೆ ಮರೆತೇಹೋಗುತ್ತದೆ, ಅಲ್ವಾ? ಫ್ಯಾನಿನ ಸದ್ದು ಅದು ನಿಂತಾಗಲೇ ನೆನಪಾಗುತ್ತದೆ. ಬಾಗಿಲ ಕಾವಲುಗಾರ ಯಾರಾದರೂ ಒಳಗೆ ಬಂದಾಗ ಕೂಗುತ್ತಾನೆ. ಬಂದವರು ಕೂತೇ ಇದ್ದರೆ ಮತ್ತೆ ಕೂಗುವುದಿಲ್ಲ. ನುಣುಪಾದ ಉಲ್ಲನ್ ಹಾಗೆ ಬಂದು ಕೂತ ನೆಂಟ. ಉಬ್ಬು, ತಗ್ಗು, ದಾರದ ಅಂಚು ಬೆರಳಿನಡಿ ಸರಿಯುತ್ತಿದ್ದರೆ ಕಾವಲುಗಾರನಿಗೆ ಪ್ರತಿ ಕ್ಷಣವೂ ಹೊಸಬರು. ಆಲ್‌ಝೈಮರ್ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು ಹೊಸ ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್ ಸುತ್ತಮುತ್ತ. ಸ್ಪರ್ಶವನ್ನು ಮೊದಲು ಬರಮಾಡಿಕೊಳ್ಳುವ ಮಿದುಳಿನ ಭಾಗಕ್ಕೆ ಅದು ತಲುಪುವುದು ತುಂಬಾ ತಡವಾಗಿ. ಮಗಳ ಹೆಸರು ಬಾಯಿಗೆ ಬರದಿದ್ದರೂ ರಿಬ್ಬನ್ನಿನ ನುಣುಪು ಕೈಗೆ ಗೊತ್ತಾಗುತ್ತದೆ.

ಇಲ್ಲಿ ಕ್ರೋಶಾ ಕಡ್ಡಿಗೆ ಸಾಟಿಯಿಲ್ಲ. ಒಂದೇ ತೂತಿನಿಂದ ಐದು ಸಲ ದಾರ ಎಳೆದು, ಕಡೆಗೆ ಎಲ್ಲ ಕುಣಿಕೆಗಳನ್ನೂ ಒಟ್ಟಿಗೆ ಬಿಗಿದರೆ ದುಂಡನೆ ಉಬ್ಬು ಎದ್ದು ನಿಲ್ಲುತ್ತದೆ. ಪ್ರತಿ ಸಾಲಿನಲ್ಲೂ ಒಂದೇ ಅನುಪಾತದಲ್ಲಿ ಕುಣಿಕೆ ಹೆಚ್ಚಿಸುತ್ತಾ ಹೋದರೆ ಅಂಚಿಗೆ ಚಪ್ಪಟೆಯಾಗಿ ಮಲಗಲು ಜಾಗ ಸಾಲದೆ ಅಲೆ ಅಲೆಯಾಗಿ ಮಡಚಿಕೊಳ್ಳುತ್ತದೆ. ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಹೈಪರ್ಬೋಲಿಕ್ ರೇಖಾಗಣಿತ ಕಲಿಸಲು ಹೆಣೆದದ್ದು ಇದನ್ನೇ! ಒಂದು ರೇಖೆಗೆ ಅದರ ಹೊರಗಿನ ಒಂದು ಬಿಂದುವಿನ ಮೂಲಕ ಒಂದೇ ಸಮಾನಾಂತರ ರೇಖೆ ಅನ್ನೋ ಯೂಕ್ಲಿಡ್‌ನ ನಿಯಮ ಮುರಿಯುವ ಜಾಗವನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡಿದರು. ನಮಗೆ ಇದರಿಂದ ಸಿಗುವ ಲಾಭ ಇಷ್ಟು: ಒಂದು ಮುಷ್ಟಿಯೊಳಗೆ ಮೊಳಗಟ್ಟಲೆ ಅಂಚು.

ಇದು ಕಾಯಿಲೆ ವಾಸಿ ಮಾಡುವುದಿಲ್ಲ, ನಿಲ್ಲಿಸುವುದೂ ಇಲ್ಲ. ಹಾಗಂತ ಯಾರಾದರೂ ಮಾರಿದರೆ ನಂಬಬೇಡಿ. ಗುಂಡಿಗಳನ್ನು ಜಗ್ಗಿ ನೋಡಿ. ಸ್ವಲ್ಪ ಸಡಿಲವಿದ್ದರೂ ಬಾಯಿಗೆ ಹೋಗಬಹುದು. ಉದ್ದ ದಾರ ಬೇಡ, ಬೆರಳಿಗೆ ಸುತ್ತಿಕೊಳ್ಳುತ್ತದೆ. ಒಗೆಯಲು ಸುಲಭ ಅಂತ ನಾನು ಅಕ್ರಿಲಿಕ್ ನೂಲು ಬಳಸುತ್ತೇನೆ. ಒಬ್ಬರದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ, ಸೋಂಕು ದಾಟುತ್ತದೆ. ಮಕ್ಕಳ ಆಟಿಕೆಯಂತೆ ಕಾಣುವ ಹಾಗೆ ದಯವಿಟ್ಟು ಮಾಡಬೇಡಿ.

ಕೈಗೆ ತುರುಕದೆ ಮಡಿಲಲ್ಲಿ ಸುಮ್ನೆ ಇಡಿ. ಕೆಲವು ವಾರ ಕಳೆದ ಮೇಲೆ ಯಾವ ಮೂಲೆಯ ನೂಲು ಜಾಸ್ತಿ ಸವೆದಿದೆ ನೋಡಿ. ಅತ್ತೆಯದ್ದರಲ್ಲಿ ಸವೆದದ್ದು ಎಡಗಡೆಯ ಅಲೆ ಅಂಚು. ಮುಂದಿನದಕ್ಕೆ ಅದನ್ನೇ ಎರಡೂ ಕಡೆ ಹೆಣೆದೆ.