ಕ್ಯಾರವಾನ್‌ಗೆ ಟಿವಿ ತಗೊಳ್ಳುವ ಮೊದಲು ಅದರ ಹಿಂಬದಿ ನೋಡಿ

ಟೆಂಪೋ ಟ್ರಾವೆಲರನ್ನೋ ಮಿನಿ ಬಸ್ಸನ್ನೋ ಕ್ಯಾರವಾನ್ ಮಾಡಿಸಿಕೊಂಡವರು ಟಿವಿ ವಿಷಯಕ್ಕೆ ಬಂದ ಕೂಡಲೇ ಕೇಳುವುದು ಒಂದೇ, ‘ಎಷ್ಟು ಇಂಚಿನದು ಹಾಕಬಹುದು?’ ಕಾಸರಗೋಡಿನ ಉಪ್ಪಳ, ಕುಂಬಳೆ ಕಡೆ ಗಾಡಿಗಳ ವೈರಿಂಗ್ ಮಾಡುವ ನಾನು ಮೊದಲು ಕೇಳುವುದು ಬೇರೆ. ಅದಕ್ಕೆ ಎಷ್ಟು ವೋಲ್ಟ್ ಬೇಕು? ಎಷ್ಟು ವ್ಯಾಟ್ ಎಳೆಯುತ್ತದೆ?

ಅಂಗಡಿಯಲ್ಲಿ ಟಿವಿಯನ್ನು ತಿರುಗಿಸಿ ನೋಡಿ. ಕರೆಂಟಿನ ವೈರು ನೇರ ಟಿವಿಯೊಳಗೆ ಹೋಗಿದ್ದರೆ ಅದಕ್ಕೆ 230 ವೋಲ್ಟೇ ಬೇಕು, ಅಂದರೆ ಗಾಡಿಯಲ್ಲಿ ಇನ್ವರ್ಟರ್ ಬೇಕು. ಲ್ಯಾಪ್‌ಟಾಪಿಗೆ ಇರುವಂಥ ಅಡಾಪ್ಟರ್ ಹೊರಗಿದ್ದರೆ ಅದರ ಚೀಟಿಯಲ್ಲಿ ಔಟ್‌ಪುಟ್ ಅಂತ ಬರೆದ ಸಾಲು ಓದಿ. 12 ವೋಲ್ಟ್, 3 ಆಂಪಿಯರ್ ಅಂತ ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು. 19 ವೋಲ್ಟ್ ಇದ್ದರೂ ಆದೀತು, ಆದರೆ ವೋಲ್ಟ್ ಏರಿಸುವ ಕನ್ವರ್ಟರ್ ಬೇಕು. ಕ್ಯಾರವಾನ್, ಲಾರಿ, ದೋಣಿಗಳಿಗೆಂದೇ ಮಾಡಿದ, 12 ಮತ್ತು 24 ವೋಲ್ಟ್ ಎರಡಕ್ಕೂ ಹೊಂದುವ ಟಿವಿಗಳೂ ಇವೆ. ಗಲ್ಫಿನಲ್ಲಿರುವ ಮನೆಯವರ ಹತ್ತಿರ ತರಿಸುವುದಿದ್ದರೆ ಅಂಥದ್ದನ್ನೇ ಹೇಳಿ, ಸುಮ್ನೆ ದೊಡ್ಡದು ತನ್ನಿ ಅನ್ನಬೇಡಿ.

ಇನ್ವರ್ಟರ್ ಇದ್ದರೆ ಸಾಕಲ್ವಾ ಅಂತ ಕೇಳುವವರು ಜಾಸ್ತಿ. ಸಾಕು, ಆದರೆ ಬ್ಯಾಟರಿಯ 12 ವೋಲ್ಟನ್ನು 230 ಮಾಡಿ, ಅದನ್ನು ಅಡಾಪ್ಟರ್ ಮತ್ತೆ 12ಕ್ಕೆ ಇಳಿಸುವಾಗ ಎರಡೂ ಕಡೆ ಕರೆಂಟ್ ಬಿಸಿಯಾಗಿ ಪೋಲಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಟಿವಿ ಆಫ್ ಮಾಡಿ ಇನ್ವರ್ಟರ್ ಆಫ್ ಮಾಡಲು ಮರೆತುಬಿಡುವುದು. ಸುಮ್ಮನೆ ಆನ್ ಆಗಿರುವ ಇನ್ವರ್ಟರ್ 8 ವ್ಯಾಟ್ ಎಳೆದರೂ ಒಂದು ದಿನಕ್ಕೆ ಸುಮಾರು 16 ಆಂಪಿಯರ್ ಅವರ್ (ಬ್ಯಾಟರಿಯಲ್ಲಿರುವ ಕರೆಂಟನ್ನು ಅಳೆಯುವ ಲೆಕ್ಕ) ಹೋಯಿತು. ಅದೇ 30 ವ್ಯಾಟಿನ 24 ಇಂಚಿನ ಟಿವಿಯನ್ನು ನೇರ 12 ವೋಲ್ಟಿನಲ್ಲಿ 3 ಗಂಟೆ ನೋಡಿದರೆ ಹೋಗುವುದು ಏಳೂವರೆ ಮಾತ್ರ. ಇನ್ವರ್ಟರ್ ಬೇಕೇ ಬೇಕಾದರೆ ಪ್ಯೂರ್ ಸೈನ್ ವೇವ್‌ನದ್ದು, ಅಂದರೆ ಮನೆಯ ಕರೆಂಟಿನ ಹಾಗೇ ನಯವಾದ ಕರೆಂಟ್ ಕೊಡುವಂಥದ್ದು ತಗೊಳ್ಳಿ, ಅದರ ಸ್ವಿಚ್ ಕೈಗೆ ಸಿಗುವಲ್ಲಿ ಹಾಕಿಸಿ.

ಹಾಗಂತ 12 ವೋಲ್ಟಿನ ಟಿವಿಯನ್ನು ಬ್ಯಾಟರಿಗೆ ನೇರ ಕೊಡಬೇಡಿ. ಗಾಡಿಯ 12 ವೋಲ್ಟ್ ಯಾವತ್ತೂ ಸರಿಯಾಗಿ 12 ಇರುವುದಿಲ್ಲ. ಎಂಜಿನ್ ಓಡುವಾಗ 14 ದಾಟುತ್ತದೆ, ಸೆಲ್ಫ್ ಹೊಡೆಯುವಾಗ 10ರ ಹತ್ತಿರ ಅಥವಾ ಅದಕ್ಕಿಂತ ಕೆಳಗೂ ಕುಸಿಯುತ್ತದೆ. ಮನೆಗೆಂದು ಮಾಡಿದ ಟಿವಿಯ ಬೋರ್ಡ್ ಈ ಏರಿಳಿತಕ್ಕೆ ತಯಾರಾಗಿರುವುದಿಲ್ಲ. ಒಳಗೆ ಎಷ್ಟು ಬಂದರೂ ಹೊರಗೆ 12 ಮಾತ್ರ ಕೊಡುವ ಡಿಸಿ ಸ್ಟೆಬಿಲೈಸರ್ ನಡುವೆ ಇರಲೇಬೇಕು. ದೊಡ್ಡ ಬಸ್ಸು, ಲಾರಿಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ, ಅಲ್ಲಿ ವೋಲ್ಟ್ ಇಳಿಸುವ ಕನ್ವರ್ಟರ್ ಬೇಕು. ಆ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ಎಳೆದರೆ ಒಂದು ಬೇಗ ಸಾಯುತ್ತದೆ, ಅದನ್ನು ಯಾರು ಹೇಳಿದರೂ ಮಾಡಿಸಬೇಡಿ. ಬ್ಯಾಟರಿ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಇರಲಿ.

ವೈರು ಸಣ್ಣದಾದರೆ ಟಿವಿ ಆನ್ ಆಗಿ ಆಫ್ ಆಗುತ್ತಿರುತ್ತದೆ, ಜನ ಟಿವಿಯೇ ಹಾಳು ಅಂದುಕೊಳ್ಳುತ್ತಾರೆ. ಬ್ಯಾಟರಿಯಿಂದ ಟಿವಿಗೆ 5 ಮೀಟರ್ ಇದ್ದು, ಅರ್ಧ ಸ್ಕ್ವೇರ್ ಎಂಎಂ ವೈರಿನಲ್ಲಿ 3 ಆಂಪಿಯರ್ ಹೋದರೆ ದಾರಿಯಲ್ಲೇ ಒಂದು ವೋಲ್ಟಿಗಿಂತ ಜಾಸ್ತಿ ಕಳೆದುಹೋಗುತ್ತದೆ. ಒಂದೂವರೆ ಸ್ಕ್ವೇರ್ ಎಂಎಂ ಹಾಕಿ.

ಮತ್ತೆ, ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಟಿವಿ ಬೇಡವೇ ಬೇಡ. ಬೇಕಲದಲ್ಲೋ ರಾಣಿಪುರಂ ಬೆಟ್ಟದ ಬುಡದಲ್ಲೋ ರಾತ್ರಿ ನಿಂತು, ಮಕ್ಕಳು ಟಿವಿ ನೋಡಿ ಮಲಗಿ, ಬೆಳಿಗ್ಗೆ ಸೆಲ್ಫ್ ಎತ್ತದಿದ್ದರೆ ಮನೆಯವರ ಗತಿ ಏನು? ಒಳಗಿನ ಲೈಟು, ಫ್ಯಾನು, ಟಿವಿಗೆ ಬೇರೆ ಬ್ಯಾಟರಿ ಇರಲಿ. ಲೆಡ್ ಆಸಿಡ್ 100 ಆಂಪಿಯರ್ ಅವರಿನದ್ದಾದರೆ 50 ಮಾತ್ರ ಬಳಸಬಹುದು ಅಂತ ಲೆಕ್ಕ ಹಿಡಿಯಿರಿ.

ಈಗ ಇಂಚು. 24 ಇಂಚಿನ ಪರದೆ ಸುಮಾರು 53 ಸೆಂಟಿಮೀಟರ್ ಅಗಲ, 32 ಇಂಚಿನದು 71. ಗಾಡಿಯಲ್ಲಿ ಕೂತವರಿಗೂ ಟಿವಿಗೂ ನಾಲ್ಕೈದು ಅಡಿ ಅಂತರ ಅಷ್ಟೇ, 24 ಧಾರಾಳ ಸಾಕು. ನನಗೆ ಇಂಚಿಗಿಂತ ಮುಖ್ಯ ಅನಿಸುವುದು ಪಕ್ಕದಿಂದ ಹೇಗೆ ಕಾಣುತ್ತದೆ ಅನ್ನುವುದು. ಒಬ್ಬರು ಬೆಡ್ಡಿನಲ್ಲಿ ಮಲಗಿ ಕೆಳಗಿನಿಂದ ನೋಡುತ್ತಾರೆ, ಇನ್ನೊಬ್ಬರು ಅಡುಗೆ ಕಟ್ಟೆಯ ಹತ್ತಿರ ನಿಂತು ಓರೆಯಾಗಿ. ಐಪಿಎಸ್ ಅನ್ನುವ ಬಗೆಯ ಪರದೆ ಆದರೆ ಬಣ್ಣ ಅಷ್ಟು ಕೆಡುವುದಿಲ್ಲ. ಅಂಗಡಿಯಲ್ಲೇ ಬಗ್ಗಿ, ಬದಿಗೆ ಸರಿದು ನೋಡಿ.

ಏಪ್ರಿಲಿನ ಬಿಸಿಲಿಗೆ ಕಿಟಕಿ ಮುಚ್ಚಿ ನಿಲ್ಲಿಸಿದ ಗಾಡಿಯ ಒಳಗೆ ಕೈ ಇಡಲಾಗದ ಬಿಸಿ ಇರುತ್ತದೆ. ಸಾಮಾನ್ಯ ಟಿವಿಗಳನ್ನು ಸುಮಾರು 40 ಡಿಗ್ರಿವರೆಗಿನ ಬಳಕೆಗೆ ಮಾಡಿರುತ್ತಾರೆ. ಬಾಗಿಲು ತೆರೆದು ಸ್ವಲ್ಪ ತಣಿದ ಮೇಲೆ ಆನ್ ಮಾಡಿ.

ಧ್ವನಿಯ ಬಗ್ಗೆ ಯಾರೂ ಕೇಳುವುದೇ ಇಲ್ಲ. ನಮ್ಮ ಕಡೆಯ ಅಜ್ಜಂದಿರಿಗೆ ಪ್ರಯಾಣದಲ್ಲೂ ಯಕ್ಷಗಾನ ಬೇಕು. ಸಣ್ಣ ಟಿವಿಯ ಹಿಂಭಾಗದ ಸ್ಪೀಕರಿನಲ್ಲಿ ಚೆಂಡೆ ಡಬ್ಬ ಬಡಿದ ಹಾಗೆ ಕೇಳುತ್ತದೆ, ಭಾಗವತರ ಪದ ಮಳೆಯ ಸದ್ದಿನಲ್ಲಿ ಮುಳುಗುತ್ತದೆ. ಹೆಡ್‌ಫೋನ್ ಜ್ಯಾಕ್ ಇರುವ ಟಿವಿಯನ್ನೇ ಆರಿಸಿ, ಅಲ್ಲಿಂದ ವೈರು ಎಳೆದು ಗಾಡಿಯ ಸ್ಟೀರಿಯೋಗೆ ಕೊಡಿಸಿ. ಬ್ಲೂಟೂತ್‌ನಲ್ಲಿ ಕೆಲವೊಮ್ಮೆ ಮಾತು ತುಟಿಗಿಂತ ಹಿಂದೆ ಬರುತ್ತದೆ.

ಡಿಶ್ ಬೇಕಾ? ಗಾಡಿ ಓಡುವಾಗ ಮಾಮೂಲಿ ಡಿಶ್ ಕೆಲಸ ಮಾಡುವುದಿಲ್ಲ. ನಿಂತಾಗಲೂ ಉಪಗ್ರಹದ ದಿಕ್ಕಿಗೆ ಮರ ಅಡ್ಡ ಇರಬಾರದು, ಜೋರು ಮಳೆಗೆ ಸಿಗ್ನಲ್ ಹೋಗುತ್ತದೆ, ನಮ್ಮೂರಿನ ಜೂನ್ ಜುಲೈ ನಿಮಗೆ ಗೊತ್ತೇ ಇದೆ. ಪಾಣತ್ತೂರಿನಿಂದ ಭಾಗಮಂಡಲಕ್ಕೆ ಹತ್ತುವ ಕಾಡಿನ ದಾರಿಯಲ್ಲಿ ಮೊಬೈಲ್ ನೆಟ್‌ವರ್ಕನ್ನೂ ನಂಬಬೇಡಿ. ಮನೆಯಲ್ಲೇ ಪೆನ್ ಡ್ರೈವಿಗೆ ತುಂಬಿಸಿಕೊಳ್ಳುವುದು ಒಳ್ಳೆಯದು. ಪೆನ್ ಡ್ರೈವನ್ನು ಫ್ಯಾಟ್32 ಅನ್ನುವ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಕೂರುವುದಿಲ್ಲ, ಇಡೀ ರಾತ್ರಿಯ ಯಕ್ಷಗಾನದ ಆಟವನ್ನು ತುಂಡು ಮಾಡಿ ಹಾಕಿ.

ಟಿವಿ ಡ್ರೈವರ್ ಕಣ್ಣಿಗೆ ಬೀಳುವಲ್ಲಿ ಬೇಡ. ತೆಳು ಪ್ಲೈವುಡ್ಡಿಗೆ ಸ್ಕ್ರೂ ಹೊಡೆದರೆ ನಮ್ಮ ರಸ್ತೆಯ ಗುಂಡಿಗಳಿಗೆ ಕಿತ್ತು ಬರುತ್ತದೆ, ಹಿಂದೆ ಕಬ್ಬಿಣದ ಪಟ್ಟಿ ಕೊಡಿಸಿ, ಓಡುವಾಗ ಲಾಕ್ ಆಗುವ ಬ್ರ್ಯಾಕೆಟ್ ತಗೊಳ್ಳಿ.

ವೈರಿಂಗ್ ಮಾಡುವವರು ಟಿವಿ ಜೊತೆ ಬಂದ ಅಡಾಪ್ಟರಿನ ವೈರನ್ನು ಕತ್ತರಿಸಲು ಹೊರಟರೆ ಬಿಡಬೇಡಿ. ಅದು ವಾರಂಟಿಗೆ ಬೇಕು, ಮನೆಯಲ್ಲಿ ನೋಡುವುದಕ್ಕೂ ಬೇಕು. ಅದೇ ಅಳತೆಯ ಪಿನ್ ಬೇರೆ ಸಿಗುತ್ತದೆ. ಒಳಗಿನ ತುದಿ ಪ್ಲಸ್ಸೋ ಮೈನಸ್ಸೋ ಅಂತ ಅಡಾಪ್ಟರಿನ ಮೇಲೆ ಚಿತ್ರ ಇರುತ್ತದೆ, ಅದನ್ನು ನೋಡಿ, ಮೀಟರ್ ಹಿಡಿದು ಖಾತ್ರಿ ಮಾಡಿದ ಮೇಲೆಯೇ ಚುಚ್ಚಲು ಹೇಳಿ.